ಸೌಂಡ್ ಸೆನ್ಸರ್‌ನ ನೀಲಿ ಸ್ಕ್ರೂ ಎಷ್ಟು ತಿರುಗಿಸಿದರೂ ಚಪ್ಪಾಳೆ ಕೇಳಿಸುತ್ತಿಲ್ಲ

ಕತ್ತಲೆಕೋಣೆ:
ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ತಲೆ ಕೆಟ್ಟುಹೋಗಿದೆ. ಚಪ್ಪಾಳೆ ತಟ್ಟಿದರೆ ಮೇಜಿನ ದೀಪ ಹತ್ತಬೇಕು, ಇನ್ನೊಮ್ಮೆ ತಟ್ಟಿದರೆ ಆರಬೇಕು. ಇಷ್ಟೇ ಆಸೆ. ನನ್ನ ಹತ್ತಿರ ಇರುವುದು ಆರ್ಡುಯಿನೋ ಊನೋ (ಕೋಡ್ ಓಡಿಸುವ ಪುಟ್ಟ ಬೋರ್ಡ್), ದೀಪದ ಕರೆಂಟ್ ಹಾಕಿ ತೆಗೆಯಲು ಒಂದು 5 ವೋಲ್ಟ್ ರಿಲೇ ಬೋರ್ಡ್, ಒಂದು ಕೆವೈ-038 ಸೌಂಡ್ ಸೆನ್ಸರ್. ಸೆನ್ಸರ್‌ನಲ್ಲಿ ನಾಲ್ಕು ಕಾಲು ಇವೆ: ಎ0 (ಮೈಕಿನ ವೋಲ್ಟೇಜ್ ಹಾಗೇ ಬರುತ್ತದೆ), ಜಿ (ಗ್ರೌಂಡ್), ಪ್ಲಸ್ (ಸಪ್ಲೈ), ಡಿ0 (ಹೈ ಅಥವಾ ಲೋ ಮಾತ್ರ). ನಾನು ಡಿ0 ಮಾತ್ರ ಬಳಸುತ್ತಿದ್ದೇನೆ.

ಸಮಸ್ಯೆ ಏನೆಂದರೆ, ಬೋರ್ಡಿನ ಎರಡನೇ ಎಲ್‌ಇಡಿ ಒಂದೋ ಸದಾ ಹತ್ತಿಕೊಂಡೇ ಇರುತ್ತದೆ, ಇಲ್ಲವೋ ಸದಾ ಆರಿಕೊಂಡೇ ಇರುತ್ತದೆ. ನೀಲಿ ಪೆಟ್ಟಿಗೆಯ ಮೇಲಿನ ಹಿತ್ತಾಳೆ ಸ್ಕ್ರೂವನ್ನು ಸೆನ್ಸಿಟಿವಿಟಿಗೆ ಅಂತ ಹೇಳುತ್ತಾರಲ್ವಾ, ಅದನ್ನು ಹದಿನೈದು ಸುತ್ತಾದರೂ ತಿರುಗಿಸಿದ್ದೇನೆ. ಅದು ಕೊನೆ ಮುಟ್ಟುವುದೇ ಇಲ್ಲ. ಚಪ್ಪಾಳೆ ಹೊಡೆದು ಹೊಡೆದು ಅಂಗೈ ಕೆಂಪಾಗಿದೆ. ಪಕ್ಕದ ಕೋಣೆಯವರು ಏನೋ ಭಜನೆ ನಡೀತಿದೆ ಅಂದುಕೊಂಡಿರಬೇಕು.

ಟಿಕ್‌ಟಿಕ್:
ಸೆನ್ಸರ್ ಸತ್ತಿದೆ. ಹೊಸದು ಹಾಕಿ ನೋಡಿ.

ಹಳೇರೇಡಿಯೋ:
ಸತ್ತಿಲ್ಲ. ಎಲ್‌ಇಡಿ ಎರಡು ಸ್ಥಿತಿಯಲ್ಲೂ ಕಾಣಿಸುತ್ತಿದೆ ಅಂತ ಅವರೇ ಹೇಳುತ್ತಿದ್ದಾರೆ. ಅಂದರೆ ಸ್ಕ್ರೂ ಕೆಲಸ ಮಾಡುತ್ತಿದೆ, ಆದರೆ ಜಾಗ ಸಿಗದೆ ದಾಟಿ ಹೋಗುತ್ತಿದೆ.

ತಮ್ಮಾ, ಆ ನೀಲಿ ಪೆಟ್ಟಿಗೆ ಸಾಮಾನ್ಯವಾಗಿ 3296 ಮಾದರಿಯ ಟ್ರಿಮ್‌ಪಾಟ್, ಅಂದರೆ ಸ್ಕ್ರೂ ತಿರುಗಿಸಿ ಬೆಲೆ ಬದಲಿಸುವ ರೆಸಿಸ್ಟರ್, ಚಿಕ್ಕದಾಗಿ ಪಾಟ್. ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 25 ಸುತ್ತು. ತುದಿಗೆ ಹೋದ ಮೇಲೂ ಸ್ಕ್ರೂ ನಿಲ್ಲುವುದಿಲ್ಲ, ಒಳಗೆ ಜಾರುತ್ತದೆ. ಕಿವಿ ಹತ್ತಿರ ಇಟ್ಟರೆ ಸಣ್ಣಗೆ ಕಟ್, ಕಟ್ ಅನ್ನುವ ಸದ್ದು ಬರುತ್ತದೆ. ಅದು ಬಂದರೆ ತುದಿ ಮುಟ್ಟಿದೆ ಅಂತ ಅರ್ಥ. ಮುರಿದಿಲ್ಲ, ಹೆದರಬೇಡಿ. ಆದರೆ ಇದು ರೇಡಿಯೋ ವಾಲ್ಯೂಮ್ ಅಲ್ಲ. ದಿನಾ ತಿರುಗಿಸೋಕೆ ಮಾಡಿದ್ದಲ್ಲ, ಇದರ ಆಯುಷ್ಯವೇ 200 ಸಲ ಹೋಗಿ ಬರುವಷ್ಟು.

ಹೀಗೆ ಮಾಡಿ. ಕೋಣೆ ನಿಶ್ಶಬ್ದವಾಗಿರಲಿ, ಫ್ಯಾನ್ ಆರಿಸಿ. ಎರಡನೇ ಎಲ್‌ಇಡಿ ಈಗ ಹತ್ತಿದ್ದರೆ ಅದು ಆರುವವರೆಗೆ, ಆರಿದ್ದರೆ ಹತ್ತುವವರೆಗೆ ಒಂದೇ ದಿಕ್ಕಿಗೆ ತಿರುಗಿಸಿ. ಕಟ್‌ಕಟ್ ಬಂದರೆ ದಿಕ್ಕು ಬದಲಿಸಿ. ಬದಲಾದ ತಕ್ಷಣ ನಿಲ್ಲಿಸಿ. ಈಗ ಹಿಂದೆ ಮುಂದೆ ಕಾಲು ಸುತ್ತು, ಆಮೇಲೆ ಅದಕ್ಕಿಂತ ಕಮ್ಮಿ, ಆಮೇಲೆ ಇನ್ನೂ ಕಮ್ಮಿ. ಎಲ್‌ಇಡಿ ಮಿಣಮಿಣ ಅನ್ನುವ ಒಂದು ಜಾಗ ಸಿಗುತ್ತದೆ. ಅಲ್ಲಿಂದ ಆರುವ ಕಡೆಗೆ ಕೂದಲೆಳೆಯಷ್ಟು ಸರಿಸಿ ಬಿಟ್ಟುಬಿಡಿ. ಸ್ಕ್ರೂಡ್ರೈವರ್ ತೆಗೆದ ಮೇಲೆ ಪರೀಕ್ಷೆ ಮಾಡಿ. ಇಟ್ಟುಕೊಂಡೇ ಮಾಡಿದರೆ ಕೈ ನಡುಕವೇ ಮೈಕಿಗೆ ಕೇಳಿಸುತ್ತದೆ.

ಕತ್ತಲೆಕೋಣೆ:
ಸರ್, ಸಿಕ್ಕಿತು! ಕಟ್‌ಕಟ್ ಸದ್ದೂ ಕೇಳಿಸಿತು. ನಾನು ತುದಿಯಲ್ಲೇ ಸುಮ್ನೆ ಸುತ್ತುತ್ತಿದ್ದೆ ಅಂತ ಈಗ ಗೊತ್ತಾಯಿತು.

ಆದರೆ ಖುಷಿ ಅರ್ಧ. ಮೈಕಿನಿಂದ ಒಂದು ಗೇಣು ದೂರದಲ್ಲಿ ತಟ್ಟಿದರೆ ಎಲ್‌ಇಡಿ ಮಿಂಚುತ್ತದೆ. ಮೂರು ಹೆಜ್ಜೆ ಹಿಂದೆ ಹೋದರೆ ಏನೂ ಇಲ್ಲ. ಇನ್ನೂ ಸೂಕ್ಷ್ಮ ಮಾಡೋಣ ಅಂತ ಚೂರು ತಿರುಗಿಸಿದರೆ ಸದಾ ಹತ್ತಿಕೊಳ್ಳುತ್ತದೆ. ನೋಡೋಣ ಅಂತ ಎ0 ಕಾಲನ್ನೂ ಜೋಡಿಸಿ ಸೀರಿಯಲ್ ಮಾನಿಟರ್ (ಊನೋ ಓದಿದ ಅಂಕಿ ಲ್ಯಾಪ್‌ಟಾಪಿನಲ್ಲಿ ತೋರಿಸುವ ಕಿಟಕಿ) ತೆರೆದೆ. ಸುಮ್ಮನಿದ್ದಾಗ 521, 522. ಜೋರಾಗಿ ಮಾತಾಡಿದರೆ 521, 522. ಹತ್ತಿರದಿಂದ ಚಪ್ಪಾಳೆ ತಟ್ಟಿದರೆ ಅಪರೂಪಕ್ಕೆ 530. ಇದು ಸರಿನಾ?

ಅರ್ಧಓಮ್:
ಸರಿಯಾಗಿಯೇ ಇದೆ, ಬೇಜಾರಿನ ವಿಷಯ ಅದೇ. ಈ ಬೋರ್ಡಿನಲ್ಲಿ ಆಂಪ್ಲಿಫೈಯರ್ ಇಲ್ಲ. ಜನ ಅದರ ಮೇಲಿರುವ ಎಂಟು ಕಾಲಿನ ಎಲ್‌ಎಂ393 ನೋಡಿ ಅದೇ ಆಂಪ್ಲಿಫೈಯರ್ ಅಂದುಕೊಳ್ಳುತ್ತಾರೆ. ಅದು ಕಂಪ್ಯಾರೇಟರ್. ಎರಡು ವೋಲ್ಟೇಜ್‌ನಲ್ಲಿ ಯಾವುದು ಜಾಸ್ತಿ ಅಂತ ಹೇಳುತ್ತದೆ, ಅಷ್ಟೇ. ಸದ್ದನ್ನು ದೊಡ್ಡದು ಮಾಡುವುದಿಲ್ಲ.

ಲೆಕ್ಕ ಹಾಕೋಣ. ಇಂಥ ಎಲೆಕ್ಟ್ರೆಟ್ ಮೈಕಿನ ಸೆನ್ಸಿಟಿವಿಟಿ ಮೈನಸ್ 44 ಡೆಸಿಬೆಲ್ ಅಂದುಕೊಳ್ಳಿ. ಅಂದರೆ 94 ಡೆಸಿಬೆಲ್ ಸದ್ದಿಗೆ ಸುಮಾರು 6 ಮಿಲಿವೋಲ್ಟ್ ಕೊಡುತ್ತದೆ. 94 ಅಂದರೆ ಕಿವಿಗೆ ಹಿಂಸೆ ಆಗುವಷ್ಟು ಜೋರು. ಒಂದು ಮೀಟರ್ ದೂರದ ಮಾಮೂಲಿ ಮಾತು ಸುಮಾರು 60 ಡೆಸಿಬೆಲ್. ವ್ಯತ್ಯಾಸ 34, ಅಂದರೆ 50 ಪಟ್ಟು ಕಮ್ಮಿ. 6 ಮಿಲಿವೋಲ್ಟನ್ನು 50ರಿಂದ ಭಾಗಿಸಿ: 0.12 ಮಿಲಿವೋಲ್ಟ್.

ಈ ಕಡೆ ಊನೋ ನೋಡಿ. 5 ವೋಲ್ಟನ್ನು 1024 ಮೆಟ್ಟಿಲು ಮಾಡುತ್ತದೆ, ಒಂದು ಮೆಟ್ಟಿಲು 4.88 ಮಿಲಿವೋಲ್ಟ್. ನಿಮ್ಮ ಮಾತು ಒಂದು ಮೆಟ್ಟಿಲಿನ ನಲವತ್ತನೇ ಒಂದು ಭಾಗ. 521 ಎಲ್ಲಿಂದ ಅಲ್ಲಾಡಬೇಕು ಹೇಳಿ? ಹತ್ತಿರದ ಚಪ್ಪಾಳೆಗೆ ಎಂಟು ಮೆಟ್ಟಿಲು ಏರಿದೆಯಲ್ಲ, ಅದು 40 ಮಿಲಿವೋಲ್ಟ್ ಆಯಿತು. ಅದೇ ಈ ಬೋರ್ಡಿನ ತಾಕತ್ತು.

ಟಿಕ್‌ಟಿಕ್:
ಹಾಗಾದರೆ ಅದನ್ನು ಸೌಂಡ್ ಸೆನ್ಸರ್ ಅಂತ ಯಾಕೆ ಮಾರುತ್ತಾರೆ?

ಅರ್ಧಓಮ್:
ಸೌಂಡ್ ಇದೆಯೋ ಇಲ್ಲವೋ ಅಂತ ಹೇಳುತ್ತದಲ್ಲ. ಎಷ್ಟಿದೆ ಅಂತ ಹೇಳುತ್ತೇನೆ ಅಂತ ಅದೇನೂ ಮಾತು ಕೊಟ್ಟಿಲ್ಲ.

ಜಂಪರ್‌ವೈರ್:
ಒಂದು ನಿಮಿಷ. ಪಾಟ್ ತಿರುಗಿಸಿದರೆ ಥ್ರೆಶೋಲ್ಡ್ (ಮೈಕಿನ ವೋಲ್ಟೇಜನ್ನು ಹೋಲಿಸುವ ಗಡಿ) ಮಾತ್ರ ಬದಲಾಗುತ್ತದೆ, ಎ0ಗೂ ಅದಕ್ಕೂ ಸಂಬಂಧವೇ ಇಲ್ಲ. ಕಂಪ್ಯಾರೇಟರ್‌ನ ಒಂದು ಕಾಲಿಗೆ ಮೈಕ್, ಇನ್ನೊಂದಕ್ಕೆ ಪಾಟ್. ಪುಸ್ತಕದಲ್ಲಿ ಹಾಗೇ ಇದೆ. ಸೆನ್ಸಿಟಿವಿಟಿ ಅಂದರೆ ಥ್ರೆಶೋಲ್ಡ್. ಇಷ್ಟು ಸರಳ ವಿಷಯಕ್ಕೆ ಇಷ್ಟುದ್ದ ಲೆಕ್ಕ ಬೇಕಿತ್ತಾ?

ಹಳೇರೇಡಿಯೋ:
ಪುಸ್ತಕದಲ್ಲಿರುವ ಬೋರ್ಡ್ ಬೇರೆ, ಕೈಯಲ್ಲಿರುವ ಬೋರ್ಡ್ ಬೇರೆ. ಮೀಟರ್ ಇದ್ದರೆ ನೋಡಿ. ಎಲ್‌ಎಂ393ರ 2 ಮತ್ತು 3ನೇ ಕಾಲುಗಳು ಒಂದು ಕಂಪ್ಯಾರೇಟರ್‌ನ ಎರಡು ಕಿವಿ. 4 ಗ್ರೌಂಡ್, 8 ಸಪ್ಲೈ, 1 ಉತ್ತರ. ಇನ್ನೊಂದು ಕಂಪ್ಯಾರೇಟರ್ 5, 6, 7ರಲ್ಲಿ ಇರುತ್ತದೆ. ಕಪ್ಪು ಪ್ರೋಬನ್ನು ಗ್ರೌಂಡಿಗೆ ಹಿಡಿದು ಕೆಂಪು ಪ್ರೋಬನ್ನು 2ಕ್ಕೆ ಇಟ್ಟು ಸ್ಕ್ರೂ ತಿರುಗಿಸಿ. ಆಮೇಲೆ 3ಕ್ಕೆ ಇಟ್ಟು ತಿರುಗಿಸಿ. ಯಾವುದು ಅಲ್ಲಾಡುತ್ತದೆ, ಯಾವುದು ಸಪ್ಲೈನ ಅರ್ಧದಲ್ಲಿ ಕಲ್ಲಿನ ಹಾಗೆ ಕೂತಿದೆ ಅಂತ ಬರೆದುಕೊಳ್ಳಿ. ಎ0 ಕೂಡ ನೋಡಿ. ಕಾಲುಗಳು ಹತ್ತಿರ ಇವೆ, ಪ್ರೋಬ್ ಜಾರಿ ಎರಡಕ್ಕೂ ತಾಗದ ಹಾಗೆ ಜೋಪಾನ.

ಜಂಪರ್‌ವೈರ್:
ಅಳೆದೆ. ಮಾತು ವಾಪಸ್ ತೆಗೆದುಕೊಳ್ಳುತ್ತೇನೆ, ಅರ್ಧ ಮಾತ್ರ.

ನನ್ನ ಹತ್ತಿರ ಎರಡು ಬೋರ್ಡ್ ಇವೆ. ಮೂರು ಕಾಲಿನ ಚಿಕ್ಕ ಬೋರ್ಡಿನಲ್ಲಿ ನಾನು ಹೇಳಿದ ಹಾಗೇ ಇದೆ. ಪಾಟ್ ತಿರುಗಿಸಿದರೆ ಥ್ರೆಶೋಲ್ಡ್ ಓಡಾಡುತ್ತದೆ, ಮೈಕಿನ ಕಡೆ ನಿಂತಿರುತ್ತದೆ. ಅದರ ಪಾಟ್ ಒಂದೇ ಸುತ್ತಿನದ್ದು ಬೇರೆ, ಮುಕ್ಕಾಲು ಸುತ್ತು ಆದ ಮೇಲೆ ನಿಲ್ಲುತ್ತದೆ.

ನಾಲ್ಕು ಕಾಲಿನ ಕೆವೈ-038ರಲ್ಲಿ ಉಲ್ಟಾ. ಥ್ರೆಶೋಲ್ಡ್ 2.5 ವೋಲ್ಟ್‌ನಲ್ಲಿ ಗೂಟ ಹೊಡೆದ ಹಾಗೆ ಇದೆ. ಸ್ಕ್ರೂ ತಿರುಗಿಸಿದರೆ ಮೈಕಿನ ವೋಲ್ಟೇಜೇ ಮೇಲೆ ಕೆಳಗೆ ಹೋಗುತ್ತದೆ, ಜೊತೆಗೆ ಎ0 ಕೂಡ. ಪಾಟ್ ಮೈಕಿನ ಜೊತೆ ಸರಣಿಯಲ್ಲಿ ಕೂತಿದೆ. ಇಷ್ಟು ದಿನ ಇದನ್ನು ಗಮನಿಸಿರಲಿಲ್ಲ. ಹಾಗಾಗಿ ಕತ್ತಲೆಕೋಣೆಯವರ 521 ಯಾಕೆ 512ರ (1024ರ ಅರ್ಧ) ಹತ್ತಿರವೇ ಇದೆ ಅಂತಲೂ ಅರ್ಥವಾಯಿತು.

ಅರ್ಧಓಮ್:
ಹೌದು, ಎಲ್‌ಇಡಿ ಬದಲಾಗುವ ಜಾಗ ಅಂದರೆ ಎ0 ಸಪ್ಲೈನ ಅರ್ಧ ದಾಟುವ ಜಾಗ. ಎ0 ನೋಡಿಕೊಂಡು ಸ್ಕ್ರೂ ತಿರುಗಿಸುವುದು ಎಲ್‌ಇಡಿ ನೋಡಿಕೊಂಡು ತಿರುಗಿಸುವುದಕ್ಕಿಂತ ಸಲೀಸು. ಎಲ್‌ಇಡಿ ಹೌದು, ಅಲ್ಲ ಎರಡೇ ಹೇಳುತ್ತದೆ. ಎ0 ಇನ್ನೂ ಎಷ್ಟು ದೂರ ಅಂತ ಹೇಳುತ್ತದೆ.

ಸ್ಕ್ರೂ ಎಷ್ಟು ಸೂಕ್ಷ್ಮ ಅಂತಲೂ ನೋಡಿ. ಪಾಟ್ ಮೇಲೆ 103 ಅಂತ ಬರೆದಿದ್ದರೆ ಅದು 10 ಕಿಲೋಓಮ್. 25 ಸುತ್ತಿಗೆ ಹಂಚಿದರೆ ಒಂದು ಸುತ್ತಿಗೆ 400 ಓಮ್. ಮೈಕ್ 0.3 ಮಿಲಿಆಂಪ್ ಎಳೆಯುತ್ತಿದೆ ಅಂತ ಇಟ್ಟುಕೊಂಡರೆ ಒಂದು ಸುತ್ತಿಗೆ 120 ಮಿಲಿವೋಲ್ಟ್. ನಮಗೆ ಬೇಕಾದ ಅಂತರ 6 ಮಿಲಿವೋಲ್ಟ್. ಅಂದರೆ ಸುತ್ತಿನ ಇಪ್ಪತ್ತನೇ ಒಂದು ಭಾಗ. ಗಡಿಯಾರದ ನಿಮಿಷದ ಮುಳ್ಳು ಮೂರು ನಿಮಿಷಕ್ಕೆ ಎಷ್ಟು ಸರಿಯುತ್ತದೋ ಅಷ್ಟು. ಪಾಟ್ ಮೇಲೆ 104 ಇದ್ದರೆ ಅದು 100 ಕಿಲೋಓಮ್, ಆಗ ಇದರ ಹತ್ತನೇ ಒಂದು ಭಾಗ. ಕೈಯಲ್ಲಿ ಮಾಡುವುದು ಕಷ್ಟವೇ.

ಕತ್ತಲೆಕೋಣೆ:
ನನ್ನದರ ಮೇಲೆ 103 ಇದೆ, ಬಚಾವ್. ಮುಳ್ಳಿನ ಲೆಕ್ಕ ಹಿಡಿದು ತಿರುಗಿಸಿದೆ. 521 ಇದ್ದದ್ದು 516ಕ್ಕೆ ತಂದೆ. ಈಗ ಮೂರು ಹೆಜ್ಜೆ ದೂರದಿಂದ ತಟ್ಟಿದರೂ ಎಲ್‌ಇಡಿ ಮಿಂಚುತ್ತದೆ.

ಆದರೆ ದೀಪ ಹತ್ತುವುದಿಲ್ಲ! ಎಲ್‌ಇಡಿ ಮಿಂಚಿದ್ದು ನನ್ನ ಕಣ್ಣಿಗೆ ಕಾಣುತ್ತದೆ, ಆರ್ಡುಯಿನೋಗೆ ಕಾಣುವುದಿಲ್ಲ. ಹತ್ತು ಸಲಕ್ಕೆ ಒಂದು ಸಲ ಹತ್ತುತ್ತದೆ. ಕೋಡ್ ಹೀಗಿದೆ: ಡಿ0 ಓದು, ಹೈ ಇದ್ದರೆ ರಿಲೇ ಬದಲಿಸು, 500 ಮಿಲಿಸೆಕೆಂಡ್ ಡಿಲೇ, ಮತ್ತೆ ಮೊದಲಿಂದ.

ಟಿಕ್‌ಟಿಕ್:
ಈ ಸಲ ಸರಿಯಾಗಿ ಹೇಳುತ್ತೇನೆ. ಡಿಲೇ ತೆಗೆಯಿರಿ. ಚಪ್ಪಾಳೆ ಹೊಡೆದಾಗ ಡಿ0 ಹೈ ಆಗಿ ನಿಂತಿರುವುದಿಲ್ಲ. ಸದ್ದಿನ ಅಲೆ ಆ 2.5 ವೋಲ್ಟ್ ಗೂಟ ದಾಟಿದಷ್ಟು ಹೊತ್ತು ಮಾತ್ರ ಹೈ, ಮರುಕ್ಷಣ ಲೋ. ಒಂದೊಂದು ಏಟು ಒಂದು ಮಿಲಿಸೆಕೆಂಡಿಗಿಂತ ಕಮ್ಮಿ ಇರಬಹುದು. ನಿಮ್ಮ ಬೋರ್ಡ್ ಅರ್ಧ ಸೆಕೆಂಡ್ ನಿದ್ದೆ ಮಾಡಿ ಒಂದು ಕ್ಷಣ ಕಣ್ಣು ಬಿಡುತ್ತದೆ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಊನೋದಲ್ಲಿ 2 ಮತ್ತು 3ನೇ ಪಿನ್‌ಗೆ ಇಂಟರಪ್ಟ್ ಇದೆ, ಅಂದರೆ ಪಿನ್ ಬದಲಾದ ತಕ್ಷಣ ಕೋಡನ್ನು ನಡುವೆಯೇ ತಡೆದು ಹೇಳುವ ವ್ಯವಸ್ಥೆ. ಡಿ0 ಅನ್ನು 2ಕ್ಕೆ ಹಾಕಿ. ಇಂಟರಪ್ಟ್ ಬಂದಾಗ ಒಂದು ಬಾವುಟ ಏರಿಸಿ, ಅಷ್ಟೇ. ರಿಲೇ ಕೆಲಸವನ್ನು ಲೂಪ್ ನೋಡಿಕೊಳ್ಳಲಿ. ಆ ಬಾವುಟದ ವೇರಿಯಬಲ್ ಘೋಷಿಸುವಾಗ ಮೊದಲಿಗೆ ವೊಲಟೈಲ್ ಅಂತ ಬರೆಯುವುದು ಮರೆಯಬೇಡಿ. ನಾನು ಮರೆತು ಒಂದು ಭಾನುವಾರ ಕಳೆದುಕೊಂಡಿದ್ದೇನೆ.

ಜಂಪರ್‌ವೈರ್:
ಒಂದು ಚಪ್ಪಾಳೆಗೆ ಹತ್ತಾರು ಏಟು ಬರುತ್ತವೆ ಅನ್ನುವುದನ್ನೂ ಹೇಳಿ. ಇಂಟರಪ್ಟ್ ಹಾಕಿದ ತಕ್ಷಣ ದೀಪ ಹತ್ತಿ, ಆರಿ, ಹತ್ತಿ, ಆರಿ ಕೊನೆಗೆ ಯಾವುದೋ ಒಂದು ಕಡೆ ನಿಲ್ಲುತ್ತದೆ. ಮೊದಲ ಏಟು ಲೆಕ್ಕಕ್ಕೆ ತೆಗೆದುಕೊಂಡು ಮುಂದಿನ 200 ಮಿಲಿಸೆಕೆಂಡ್ ಕಿವಿ ಮುಚ್ಚಿಕೊಳ್ಳಬೇಕು. ಹೊತ್ತು ನೋಡಲು ಮಿಲ್ಲಿಸ್ ಬಳಸಿ, ಡಿಲೇ ಅಲ್ಲ.

ಅದಕ್ಕಿಂತ ಕಂಪ್ಯಾರೇಟರ್‌ಗೇ ಹಿಸ್ಟೆರಿಸಿಸ್ (ಹೈ ಆಗಲು ಒಂದು ಗಡಿ, ಲೋ ಆಗಲು ಇನ್ನೊಂದು) ಕೊಟ್ಟರೆ ಆಗದೇ? ಔಟ್‌ಪುಟ್‌ನಿಂದ ಕಂಪ್ಯಾರೇಟರ್‌ನ ಪ್ಲಸ್ ಕಿವಿಗೆ ಒಂದು ಮೆಗಾಓಮ್ ರೆಸಿಸ್ಟರ್. ಎಲ್ಲ ಕಡೆ ಇದೇ ಮದ್ದು ಹೇಳುತ್ತಾರೆ.

ಅರ್ಧಓಮ್:
ಇಲ್ಲಿ ಆ ಮದ್ದು ರೋಗಿಯನ್ನೇ ಮುಗಿಸುತ್ತದೆ. ಗೂಟದ 2.5 ವೋಲ್ಟ್ ಎರಡು 100 ಕಿಲೋಓಮ್ ರೆಸಿಸ್ಟರ್‌ಗಳ ನಡುವಿಂದ ಬಂದಿದ್ದು, ಅದು ಆ ಪ್ಲಸ್ ಕಿವಿಗೇ ಹೋಗಿದೆ ಅಂದುಕೊಳ್ಳಿ. ಆ ಜಾಗ ಹೊರಗಿನಿಂದ 50 ಕಿಲೋಓಮ್ ಥರ ಕಾಣುತ್ತದೆ. ಅದಕ್ಕೆ ಒಂದು ಮೆಗಾಓಮ್ ಸೇರಿಸಿದರೆ ಔಟ್‌ಪುಟ್ 5 ವೋಲ್ಟ್ ಜಿಗಿದಾಗ ಗೂಟ 5 ಗುಣಿಸು 50 ಭಾಗಿಸು 1050, ಅಂದರೆ 238 ಮಿಲಿವೋಲ್ಟ್ ಜಿಗಿಯುತ್ತದೆ. ನಮ್ಮ ಚಪ್ಪಾಳೆ ಬರೀ 40. ಒಮ್ಮೆ ಒಂದು ಕಡೆ ಬಿದ್ದರೆ ಮತ್ತೆ ಏಳುವುದೇ ಇಲ್ಲ. 10 ಮಿಲಿವೋಲ್ಟ್ ಮಾತ್ರ ಬೇಕು ಅಂದರೆ ಸುಮಾರು 25 ಮೆಗಾಓಮ್ ಹಾಕಬೇಕು. ಅದರ ಬದಲು ಕೋಡ್‌ನಲ್ಲೇ 200 ಮಿಲಿಸೆಕೆಂಡ್ ಕಿವಿ ಮುಚ್ಚಿಕೊಳ್ಳುವುದು ವಾಸಿ.

ಶಬ್ದವೇಧಿ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೆ ಇದೇ ಬೋರ್ಡಿನಿಂದ ಡೆಸಿಬೆಲ್ ಮೀಟರ್ ಮಾಡಬೇಕಿತ್ತು. ಎ0 ಬೆಲೆಯನ್ನು ಡೆಸಿಬೆಲ್‌ಗೆ ಬದಲಿಸುವ ಸೂತ್ರ ಯಾರಾದರೂ ಕೊಡುತ್ತೀರಾ? ಒಂದು ಕಡೆ 0ಯಿಂದ 1023 ಅನ್ನು 30ರಿಂದ 120ಕ್ಕೆ ಮ್ಯಾಪ್ ಮಾಡಿದ್ದು ನೋಡಿದೆ.

ಹಳೇರೇಡಿಯೋ:
ಅದು ಸ್ಕ್ರೂವಿನ ಸ್ಥಾನವನ್ನು ಡೆಸಿಬೆಲ್‌ನಲ್ಲಿ ತೋರಿಸುವ ಮೀಟರ್ ಆಗುತ್ತದೆ.

ಅರ್ಧಓಮ್:
ಹಳೇರೇಡಿಯೋ ಸರ್ ಒಂದೇ ಸಾಲಲ್ಲಿ ಮುಗಿಸಿದರು. ಬಿಡಿಸಿ ಹೇಳಬೇಕು ಅಂದರೆ, ಸುಮ್ಮನಿರುವಾಗ ಎ0 ಎಷ್ಟಿದೆ ಅನ್ನುವುದು ಸದ್ದಿಗೆ ಸಂಬಂಧಿಸಿದ್ದಲ್ಲ. ಅದರಿಂದ ಅತ್ತಿತ್ತ ಎಷ್ಟು ತೂಗುತ್ತದೆ ಅನ್ನುವುದೇ ಸದ್ದು. ಅದೂ ಲಾಗ್ ಲೆಕ್ಕ, ನೇರ ಮ್ಯಾಪ್ ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಕೆಲಸಕ್ಕೆ ಐಎನ್‌ಎಂಪಿ441 ಥರದ ಡಿಜಿಟಲ್ ಮೈಕ್ ನೋಡಿ. ಐ2ಎಸ್ ಎಂಬ ಡಿಜಿಟಲ್ ಸಂಪರ್ಕದ ಮೂಲಕ 24 ಬಿಟ್‌ನಲ್ಲಿ ಕೊಡುತ್ತದೆ, ಎಡಿಸಿ (ವೋಲ್ಟೇಜನ್ನು ಅಂಕಿ ಮಾಡುವ ಭಾಗ) ಜಗಳವೇ ಇಲ್ಲ. ಊನೋಗೆ ಅದು ಸರಿಹೋಗುವುದಿಲ್ಲ, ಇಎಸ್‌ಪಿ32 ಬೋರ್ಡ್ ಬೇಕು. ನಿಮ್ಮ ಪ್ರಶ್ನೆಗೆ ಬೇರೆ ಎಳೆ ತೆರೆಯಿರಿ, ಇಲ್ಲಿ ದೀಪ ಇನ್ನೂ ಹತ್ತಿಲ್ಲ.

ಕತ್ತಲೆಕೋಣೆ:
ಹತ್ತಿತು! ಇಂಟರಪ್ಟ್ ಜೊತೆ 200 ಮಿಲಿಸೆಕೆಂಡ್. ಲ್ಯಾಪ್‌ಟಾಪಿಗೆ ಹಾಕಿದ್ದಾಗ ಒಂದು ಗಂಟೆ ಆಟ ಆಡಿದೆ. ಹತ್ತಕ್ಕೆ ಒಂಬತ್ತು ಸಲ ಸರಿಯಾಗಿ ಹತ್ತಿತು.

ಆಮೇಲೆ ಲ್ಯಾಪ್‌ಟಾಪ್ ಬಿಡಿಸಿ ಒಂದು ಫೋನ್ ಚಾರ್ಜರಿಗೆ ಹಾಕಿದೆ. ಕಿವುಡಾಯಿತು. ಮೈಕಿನ ಮೇಲೆ ಉಗುರಲ್ಲಿ ಹೊಡೆದರೂ ಇಲ್ಲ. ಮತ್ತೆ ಸ್ಕ್ರೂ ಸರಿಮಾಡಿದೆ. ಈಗ ಕೇಳಿಸುತ್ತದೆ, ಆದರೆ ಒಂದು ಚಪ್ಪಾಳೆಗೆ ದೀಪ ಹತ್ತಿ ಕಾಲು ಸೆಕೆಂಡಿನಲ್ಲಿ ತಾನೇ ಆರುತ್ತದೆ. ಮತ್ತೆ ಹತ್ತುತ್ತದೆ. ಟಕ್, ಟಕ್, ಟಕ್ ಅಂತ ರಿಲೇ ತನ್ನಷ್ಟಕ್ಕೆ ತಾಳ ಹಾಕುತ್ತಿದೆ. ದೆವ್ವ ಗಿವ್ವ ಏನಾದರೂ ಇದೆಯಾ?

ಟಿಕ್‌ಟಿಕ್:
ರಿಲೇಯ ಟಕ್ ಸದ್ದನ್ನೇ ಮೈಕ್ ಕೇಳಿಸಿಕೊಳ್ಳುತ್ತಿದೆ. ಎರಡೂ ಒಂದೇ ಬ್ರೆಡ್‌ಬೋರ್ಡ್ ಮೇಲೆ ಇವೆ ತಾನೇ?

ಕತ್ತಲೆಕೋಣೆ:
ಅಯ್ಯೋ. ಒಂದರ ಪಕ್ಕ ಒಂದು.

ಹಳೇರೇಡಿಯೋ:
ಸದ್ದು ಒಂದು ಕಾರಣ. ಅದಕ್ಕೆ ರಿಲೇಯನ್ನು ಬೇರೆ ಡಬ್ಬಿಗೆ ಹಾಕಿ, ಮೈಕಿನ ಬೋರ್ಡನ್ನು ಮೇಜಿಗೆ ಗಟ್ಟಿಯಾಗಿ ಅಂಟಿಸದೆ ಸ್ಪಂಜಿನ ತುಂಡಿನ ಮೇಲೆ ಕೂರಿಸಿ. ಗಾಳಿಗಿಂತ ಮರದ ಮೂಲಕ ಆ ಟಕ್ ಚೆನ್ನಾಗಿ ಬರುತ್ತದೆ. ದೀಪ ಮನೆಯ ಕರೆಂಟಿನದ್ದಾದರೆ ಆ ಡಬ್ಬಿ ಮುಚ್ಚಳ ಇರುವಂಥದ್ದೇ ಆಗಿರಲಿ, ತಂತಿ ಎಲ್ಲೂ ಬತ್ತಲೆ ಕಾಣಬಾರದು. ಕರೆಂಟ್ ತೆಗೆದ ಮೇಲಷ್ಟೇ ಕೈ ಹಾಕಿ.

ಆದರೆ ಚಾರ್ಜರಿಗೆ ಹಾಕಿದ ತಕ್ಷಣ ಕಿವುಡಾಯಿತಲ್ಲ, ಅದಕ್ಕೆ ಸದ್ದು ಕಾರಣ ಅಲ್ಲ. ಇದು ಈ ಬೋರ್ಡಿನ ಹುಟ್ಟುಗುಣ, ಸ್ವಲ್ಪ ತಾಳ್ಮೆಯಿಂದ ಕೇಳಿ.

ಗೂಟ ಇರುವುದು ಸಪ್ಲೈನ ಅರ್ಧದಲ್ಲಿ. ಮೈಕ್ ಮಾತ್ರ ಸಪ್ಲೈ ಎಷ್ಟೇ ಇರಲಿ ಹೆಚ್ಚುಕಮ್ಮಿ ಅಷ್ಟೇ ಕರೆಂಟ್ ಎಳೆಯುತ್ತದೆ, ಅದರೊಳಗಿನ ಪುಟ್ಟ ಎಫ್‌ಇಟಿ ಟ್ರಾನ್ಸಿಸ್ಟರ್‌ನ ಸ್ವಭಾವ ಅದು. ಹಾಗಾಗಿ ಪಾಟ್ ಮೇಲೆ ಬೀಳುವ ವೋಲ್ಟೇಜ್ ಬದಲಾಗುವುದಿಲ್ಲ. ಈಗ ಲ್ಯಾಪ್‌ಟಾಪ್ 5.0 ವೋಲ್ಟ್ ಕೊಡುತ್ತಿತ್ತು, ಚಾರ್ಜರ್ ಮತ್ತು ಅದರ ಉದ್ದ ತಂತಿ ಸೇರಿ 4.8 ಕೊಡುತ್ತಿದೆ ಅಂದುಕೊಳ್ಳಿ. ಮೈಕಿನ ಕಡೆ 0.2 ವೋಲ್ಟ್ ಪೂರ್ತಿ ಇಳಿಯುತ್ತದೆ. ಗೂಟ ಅದರ ಅರ್ಧ, 0.1 ಮಾತ್ರ ಇಳಿಯುತ್ತದೆ. ನೀವು 20 ಮಿಲಿವೋಲ್ಟ್ ಅಂತರಕ್ಕೆ ಕೂದಲೆಳೆ ಹಿಡಿದು ಕೂರಿಸಿದ್ದಿರಿ, ಈಗ 100 ಮಿಲಿವೋಲ್ಟ್ ತಕ್ಕಡಿ ವಾಲಿತು. ಹೆಚ್ಚುಕಮ್ಮಿ ಒಂದು ಪೂರ್ತಿ ಸುತ್ತು ಯಾರೋ ಸ್ಕ್ರೂ ತಿರುಗಿಸಿ ಹೋದ ಹಾಗೆ. ಯಾವ ಕಡೆ ವಾಲಿತು ಅನ್ನುವುದರ ಮೇಲೆ ಒಂದೋ ಕಿವುಡು, ಇಲ್ಲವೋ ಸದಾ ಕಿರುಚಾಟ.

ಇನ್ನು ರಿಲೇ. ಅದರ ಕಾಯಿಲ್ ಸುಮಾರು 70 ಮಿಲಿಆಂಪ್ ಎಳೆಯುತ್ತದೆ. ಎಳೆದಾಗ ಸಪ್ಲೈ ಚೂರು ಕುಸಿಯುತ್ತದೆ, ಬಿಟ್ಟಾಗ ಏರುತ್ತದೆ. ಪ್ರತಿ ಸಲವೂ ತಕ್ಕಡಿ ವಾಲುತ್ತದೆ. ಮೈಕನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರೂ ಈ ದೆವ್ವ ಬಿಡುವುದಿಲ್ಲ.

ಅರ್ಧಓಮ್:
ಸರ್, ಇದನ್ನು ನಾನು ಯೋಚಿಸಿರಲೇ ಇಲ್ಲ. ನನ್ನ ಬೋರ್ಡನ್ನು ಬದಲಿಸಬಹುದಾದ ಸಪ್ಲೈಗೆ ಹಾಕಿ ನೋಡಿದೆ. 5.0ಯಿಂದ 4.8ಕ್ಕೆ ಇಳಿಸಿದಾಗ ಮೈಕ್ ಮತ್ತು ಗೂಟದ ನಡುವಿನ ಅಂತರ 90 ಮಿಲಿವೋಲ್ಟ್ ಬದಲಾಯಿತು. ನೀವು ಹೇಳಿದ್ದು ಬರೋಬ್ಬರಿ.

ಪರಿಹಾರ ಊನೋದಲ್ಲೇ ಇದೆ. ಸೆನ್ಸರ್‌ನ ಪ್ಲಸ್ ಕಾಲನ್ನು 5 ವೋಲ್ಟ್ ಬದಲು 3.3 ವೋಲ್ಟ್ ಪಿನ್‌ಗೆ ಹಾಕಿ. ಅದು ರೆಗ್ಯುಲೇಟರ್‌ನಿಂದ ಬರುವುದರಿಂದ ಚಾರ್ಜರ್ ಕುಸಿದರೂ ನಿಂತಿರುತ್ತದೆ. ಎಲ್‌ಎಂ393 2 ವೋಲ್ಟ್‌ನಿಂದಲೇ ಕೆಲಸ ಮಾಡುತ್ತದೆ. ಡಿ0 ಹೈ ಆದಾಗ 3.3 ಬರುತ್ತದೆ, ಊನೋ ಹೈ ಅಂತ ಒಪ್ಪಲು 3.0 ಸಾಕು. ಸಂದು ಚಿಕ್ಕದು, ಆದರೆ ನಡೆಯುತ್ತದೆ. ಸೆನ್ಸರ್‌ನ ಪ್ಲಸ್ ಮತ್ತು ಗ್ರೌಂಡ್ ನಡುವೆ ಒಂದು 100 ಮೈಕ್ರೋಫ್ಯಾರಡ್, ಒಂದು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡಿ.

ಹೇಗೂ ಸ್ಕ್ರೂ ಮತ್ತೆ ಹೊಂದಿಸಬೇಕು. ಈ ಸಲ ಕೊನೆಗೆ ಯಾವ ಚಾರ್ಜರ್‌ನಲ್ಲಿ ಓಡಿಸುತ್ತೀರೋ ಅದರಲ್ಲೇ ಹೊಂದಿಸಿ.

ಮಧ್ಯರಾತ್ರಿ:
ನಾನು ಇಎಸ್‌ಪಿ32 ಬಳಸುತ್ತಿದ್ದೇನೆ. ಸೆನ್ಸರನ್ನು 5 ವೋಲ್ಟ್‌ಗೆ ಹಾಕಿದ್ದೆ, ವೈಫೈ ಶುರುವಾದ ತಕ್ಷಣ ಎ0 ಓದುವುದು ನಿಂತುಹೋಗುತ್ತದೆ. ಇದೂ ಸಪ್ಲೈ ಕಥೆನಾ?

ಟಿಕ್‌ಟಿಕ್:
ಅಕ್ಕಾ, ಮೊದಲು 5 ವೋಲ್ಟ್‌ನಿಂದ ತೆಗೆಯಿರಿ, 3.3ಕ್ಕೆ ಹಾಕಿ. ಇಎಸ್‌ಪಿ32ರ ಪಿನ್‌ಗಳು 5 ವೋಲ್ಟ್ ತಡೆಯುವುದಿಲ್ಲ. ಓದು ನಿಲ್ಲುವುದು ಬೇರೆ ಕಥೆ. ಅದರಲ್ಲಿ ಎರಡು ಎಡಿಸಿ ಇವೆ, ಎರಡನೆಯದನ್ನು ವೈಫೈ ಕಸಿದುಕೊಳ್ಳುತ್ತದೆ. ಎ0 ತಂತಿಯನ್ನು 32ರಿಂದ 39ರವರೆಗಿನ ಯಾವುದಾದರೂ ಎಡಿಸಿ ಪಿನ್‌ಗೆ ಹಾಕಿ, ಉದಾಹರಣೆಗೆ 34.

ಮಧ್ಯರಾತ್ರಿ:
34ಕ್ಕೆ ಹಾಕಿದೆ, ಓದುತ್ತಿದೆ. ಥ್ಯಾಂಕ್ಸ್. ಪಿನ್ ಸುಟ್ಟಿಲ್ಲ, ಪುಣ್ಯ.

ಜಂಪರ್‌ವೈರ್:
ಕತ್ತಲೆಕೋಣೆಯವರೇ, ಡಿ0 ಬಿಟ್ಟು ಎ0 ಮೂಲಕ ಮಾಡಿದರೆ ಸ್ಕ್ರೂ ಸಹವಾಸವೇ ಕಮ್ಮಿಯಾಗುತ್ತದೆ. ನಾನು ಈಗ ಹಾಗೇ ಮಾಡುತ್ತಿದ್ದೇನೆ. 50 ಮಿಲಿಸೆಕೆಂಡ್ ಪೂರ್ತಿ ಎ0 ಓದುತ್ತಾ ಹೋಗಿ. ಆ ಹೊತ್ತಿನ ಅತಿ ದೊಡ್ಡ ಬೆಲೆ, ಅತಿ ಚಿಕ್ಕ ಬೆಲೆ ನೆನಪಿಟ್ಟುಕೊಳ್ಳಿ. ಒಂದರಿಂದ ಇನ್ನೊಂದು ಕಳೆಯಿರಿ. ಆ ವ್ಯತ್ಯಾಸವೇ ಸದ್ದು. ಮಧ್ಯದ ಬೆಲೆ 516 ಇರಲಿ, 480 ಇರಲಿ, ಚಿಂತೆಯಿಲ್ಲ. ಊನೋ ಒಂದು ಓದಿಗೆ ಸುಮಾರು 0.1 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, 50 ಮಿಲಿಸೆಕೆಂಡಿಗೆ ನಾನೂರಕ್ಕೂ ಜಾಸ್ತಿ ಓದು ಸಿಗುತ್ತದೆ.

ಇನ್ನೊಂದು ಉಪಾಯ. 3.3 ವೋಲ್ಟ್ ಪಿನ್‌ನಿಂದ ಎಆರ್‌ಇಎಫ್ ಪಿನ್‌ಗೂ (ಅನಲಾಗ್ ಓದಿನ ಅಳತೆಗೋಲು ಅಲ್ಲಿಂದ ಬರುತ್ತದೆ) ಒಂದು ತಂತಿ ಹಾಕಿ, ಕೋಡ್‌ನಲ್ಲಿ ಅನಲಾಗ್ ರೆಫರೆನ್ಸ್ ಎಕ್ಸ್‌ಟರ್ನಲ್ ಅಂತ ಹೇಳಿ. ಆಗ ಒಂದು ಮೆಟ್ಟಿಲು 4.88 ಬದಲು 3.2 ಮಿಲಿವೋಲ್ಟ್ ಆಗುತ್ತದೆ. ಆ ಸಾಲು ಇಲ್ಲದ ಕೋಡ್ ಬೋರ್ಡಿನಲ್ಲಿ ಇರುವಾಗ ಈ ತಂತಿ ಹಾಕಬೇಡಿ. ಹಾಗೆ ಇದ್ದಾಗ ಅನಲಾಗ್ ಓದಿದರೆ ಒಳಗಿನ ರೆಫರೆನ್ಸ್ ಮತ್ತು ಹೊರಗಿನದ್ದು ಶಾರ್ಟ್ ಆಗುತ್ತವೆ. ಮೊದಲು ಕೋಡ್, ಆಮೇಲೆ ತಂತಿ.

ಅರ್ಧಓಮ್:
ಮಾತು, ಸಂಗೀತ ಎಲ್ಲ ಹಿಡಿಯಬೇಕು ಅಂದರೆ ಮಾತ್ರ ಬೋರ್ಡ್ ಬದಲಿಸಿ. ಮ್ಯಾಕ್ಸ್4466 ಬೋರ್ಡಿನಲ್ಲಿ ನಿಜವಾದ ಆಂಪ್ಲಿಫೈಯರ್ ಇದೆ. ಅದರ ಹಿಂದಿರುವ ಪುಟ್ಟ ಸ್ಕ್ರೂ ಗೇನ್ ಬದಲಿಸುತ್ತದೆ, 25ರಿಂದ 125 ಪಟ್ಟು. ಅದನ್ನು ಬೇಕಾದರೆ ಸೆನ್ಸಿಟಿವಿಟಿ ಸ್ಕ್ರೂ ಅನ್ನಿ, ಒಪ್ಪುತ್ತೇನೆ. ಮ್ಯಾಕ್ಸ್9814ರಲ್ಲಿ ಸ್ಕ್ರೂ ಇಲ್ಲ. ಗೇನ್ ಕಾಲನ್ನು ಎಲ್ಲಿಗೂ ಸೇರಿಸದೆ ಬಿಟ್ಟರೆ 60 ಡೆಸಿಬೆಲ್, ಗ್ರೌಂಡಿಗೆ ಸೇರಿಸಿದರೆ 50, ಸಪ್ಲೈಗೆ ಸೇರಿಸಿದರೆ 40. ಆದರೆ ಅದು ಸದ್ದು ಜೋರಾದರೆ ತಾನೇ ಗೇನ್ ಇಳಿಸುತ್ತದೆ. ಚಪ್ಪಾಳೆಗೆ ನನಗೆ ಇಷ್ಟವಿಲ್ಲ. ಚಪ್ಪಾಳೆ ಜೋರು ಅಂತಲೇ ಗೊತ್ತಾಗಬೇಕು, ಅದು ಎಲ್ಲವನ್ನೂ ಸಮ ಮಾಡಿಬಿಡುತ್ತದೆ.

ಕತ್ತಲೆಕೋಣೆ:
ಒಂದು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಸೆನ್ಸರ್ ಈಗ 3.3ರಲ್ಲಿ. ಎರಡು ಕೆಪಾಸಿಟರ್ ಹಾಕಿದೆ. ರಿಲೇ ಮುಚ್ಚಳದ ಡಬ್ಬಿಯಲ್ಲಿ ಗೋಡೆಯ ಹತ್ತಿರ ಇದೆ, ಮೈಕ್ ಸ್ಪಂಜಿನ ಮೇಲೆ ಕೂತಿದೆ. ಡಿ0 ಬಿಟ್ಟೆ, ಎ0 ಮಾತ್ರ. ಫ್ಯಾನ್ ಓಡುವಾಗ ವ್ಯತ್ಯಾಸ 2 ದಾಟುವುದಿಲ್ಲ. ಫ್ಯಾನಿನ ಗಾಳಿ ನೇರ ಮೈಕಿಗೆ ಬಡಿದರೆ ಮಾತ್ರ 6, ಅದಕ್ಕೆ ಮೈಕ್ ತಿರುಗಿಸಿ ಇಟ್ಟೆ. ಒಂದೂವರೆ ಮೀಟರ್ ದೂರದ ಚಪ್ಪಾಳೆಗೆ 7ರಿಂದ 10. ಹಾಗಾಗಿ 5ಕ್ಕೆ ಗೆರೆ ಎಳೆದಿದ್ದೇನೆ. ರಿಲೇ ಬದಲಾದ ಮೇಲೆ 300 ಮಿಲಿಸೆಕೆಂಡ್ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ದೀಪ ಮೇಜಿನ ಮೇಲೇ ಇರುವುದರಿಂದ ಒಂದೂವರೆ ಮೀಟರ್ ಸಾಕು.

ಚಾರ್ಜರ್ ಬದಲಿಸಿ ಬದಲಿಸಿ ಹಾಕಿದೆ. ಮೂರರಲ್ಲೂ ಒಂದೇ ಥರ ನಡೆಯುತ್ತಿದೆ. ಸ್ಕ್ರೂ ಮುಟ್ಟಿ ಆರು ದಿನ ಆಯಿತು.

ಮೊನ್ನೆ ರಾತ್ರಿ ಕೆಮ್ಮಿದೆ, ದೀಪ ಹತ್ತಿತು. ಆರಿಸೋಣ ಅಂತ ಕೈ ಎತ್ತುವಷ್ಟರಲ್ಲಿ ಇನ್ನೊಂದು ಕೆಮ್ಮು ಬಂತು, ತಾನೇ ಆರಿತು. ಬಾಗಿಲು ದಢಾರ್ ಅಂದರೂ ಹತ್ತುತ್ತದೆ. ಅದಕ್ಕೆ ಈಗ ಎರಡು ಚಪ್ಪಾಳೆ ನಿಯಮ ಮಾಡಿದ್ದೇನೆ. ಮೊದಲನೆಯದಾದ ಮೇಲೆ 150ರಿಂದ 600 ಮಿಲಿಸೆಕೆಂಡ್ ಒಳಗೆ ಎರಡನೆಯದು ಬಂದರೆ ಮಾತ್ರ ಲೆಕ್ಕ. ಬಾಗಿಲಿನ ಕಾಟ ತಪ್ಪಿತು.

ಟಿಕ್‌ಟಿಕ್:
ಕೆಮ್ಮು?

ಕತ್ತಲೆಕೋಣೆ:
ಕೆಮ್ಮು ಜೋಡಿಯಾಗಿಯೇ ಬರುತ್ತದೆ. ಅಳೆದೆ, ನಡುವಿನ ಅಂತರ 400 ಮಿಲಿಸೆಕೆಂಡ್.

ಹಳೇರೇಡಿಯೋ:
ಮೂರು ಚಪ್ಪಾಳೆ ಮಾಡಬೇಡ ತಮ್ಮಾ. ನೆಗಡಿ ಕಮ್ಮಿಯಾಗಲಿ, ಕಾಯಿ.